ಹಳೆ ಕಾರಿನ ನೀರು ಎಲ್ಲಿ ಹೋಗ್ತದೆ?

ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಹಳೆ ಕಾರು ಬಿಸಿಯಾಗೋದು ಕಡಿಮೆ. ತಕರಾರು ಶುರುವಾಗೋದು ವಾಪಸ್ ಬರುವಾಗ. ಕಾರಣ ಸರಳ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪೀರನವಾಡಿ, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾವರೆಗೆ ರಸ್ತೆ ಏರುತ್ತ ಇಳಿಯುತ್ತ ಎತ್ತರದಲ್ಲೇ ಸಾಗುತ್ತದೆ. ಘಾಟ್ ಇಳಿಯೋದು ಗೋವಾ ಕಡೆಗೆ. ಬರುವಾಗ ಆ ಇಡೀ ಇಳಿಜಾರು ಏರಾಗಿ ಎದುರು ನಿಲ್ಲುತ್ತದೆ. ಸೆಕೆಂಡ್ ಗೇರು, ಒಳಗೆ ನಾಲ್ಕು ಜನ, ಡಿಕ್ಕಿಯಲ್ಲಿ ಗೋಡಂಬಿ ಚೀಲ, ಮೇಲೆ ಎಸಿ. ಕೂಲಂಟ್ ವ್ಯವಸ್ಥೆಯಲ್ಲಿ ಎಲ್ಲಿ ದೌರ್ಬಲ್ಯ ಇದ್ದರೂ ಅದು ಹೊರಗೆ ಬೀಳೋದು ಅಲ್ಲೇ.

ಮುಳ್ಳು ಮೇಲೇರಿದರೆ ನಮ್ಮಲ್ಲಿ ಎರಡೇ ಔಷಧ. ಒಂದು, ಬಿಸ್ಲೇರಿ ಬಾಟಲಿ ತೆಗೆದು ನೀರು ಹಾಕೋದು. ಎರಡು, ಗ್ಯಾರೇಜಿಗೆ ಹೋಗಿ "ಹೆಡ್ ಗ್ಯಾಸ್ಕೆಟ್ ಹೋಗೇತಿ" ಅನ್ನೋ ಮಾತು ಕೇಳಿ ಬರೋದು. ಮೊದಲನೆಯದಕ್ಕೆ ಕೆಲವೇ ರೂಪಾಯಿ, ಎರಡನೆಯದಕ್ಕೆ ಸಾವಿರಗಳ ಲೆಕ್ಕ. ಇವೆರಡರ ನಡುವೆ ಒಂದು ಕೆಲಸ ಇದೆ. ನೀರು ಎಲ್ಲಿ ಹೋಗ್ತಿದೆ ಅಂತ ಹುಡುಕೋದು. ಈ ಲೇಖನ ಅದರ ಬಗ್ಗೆ.

ನಮ್ಮ ಮನೆಯಲ್ಲಿರೋದು 2005ರ ಮಾರುತಿ 800. ನಾನು ಕೆಲಸಕ್ಕೆ ಸ್ಕೂಟಿಯಲ್ಲಿ ಹೋಗ್ತೀನಿ. ಕಾರು ಅಪ್ಪ-ಅವ್ವಂದು. ಹದಿನೈದು ದಿನಕ್ಕೊಮ್ಮೆ ಇಬ್ಬರೂ ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗೆ, ಅಜ್ಜಿಯನ್ನು ನೋಡಲು ಹೋಗಿ ಬರ್ತಾರೆ. ದಾರಿಯಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇಲ್ಲ. ಕಳೆದ ವರ್ಷ ಬಾನೆಟ್ ಕೆಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲಂಟ್ ಹತ್ತು ಹನ್ನೆರಡು ದಿನಕ್ಕೊಮ್ಮೆ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯತೊಡಗಿತು. ಊರೊಳಗೆ ಓಡಿಸಿದರೆ ಏನೂ ಇಲ್ಲ. ಏರು ಹತ್ತಿದರೆ ಮುಳ್ಳು ಅರ್ಧ ದಾಟುತ್ತಿತ್ತು. ನಿಲ್ಲಿಸಿದ ಜಾಗದಲ್ಲಿ ನೆಲ ಮಾತ್ರ ಒಣ.

ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ಹೆಡ್ ಇಳಿಸಬೇಕು ಅಂದರು. ಖರ್ಚು ಇಪ್ಪತ್ತು ಸಾವಿರದ ಹತ್ತಿರ. "ಹಳೇದಾತು, ಮಾರಿಬಿಡೂಣು" ಅಂದ ಅಪ್ಪ. ಆ ಮಾತು ಹೇಳುವಾಗ ಅವನ ಮುಖ ನೋಡಿದ ಮೇಲೆ, ಇನ್ನೊಂದು ಅಭಿಪ್ರಾಯ ಕೇಳೋಣ ಅಂತ ನಾನೇ ಕಾರನ್ನು ಉದ್ಯಮಬಾಗಕ್ಕೆ ಒಯ್ದೆ.

ಉದ್ಯಮಬಾಗ ಯಾಕೆ?

ಬೆಳಗಾವಿಯ ಹೊರಗಿನವರಿಗಾಗಿ ಒಂದು ಮಾತು. ತಿಲಕವಾಡಿ ದಾಟಿ ಖಾನಾಪುರ ರಸ್ತೆ ಹಿಡಿದರೆ ಸಿಗೋದು ಉದ್ಯಮಬಾಗ. ಫೌಂಡ್ರಿಗಳು, ಮಶೀನ್ ಶಾಪುಗಳು, ಹೈಡ್ರಾಲಿಕ್ ಬಿಡಿಭಾಗ ಮಾಡುವವರು, ಸಣ್ಣ ಸಣ್ಣ ವರ್ಕ್‌ಶಾಪುಗಳು. ಗೋಗಟೆ ಎಂಜಿನಿಯರಿಂಗ್ ಕಾಲೇಜು ಇರೋದೂ ಇಲ್ಲೇ. ಅದೇ ರಸ್ತೆಯಲ್ಲಿ ಮುಂದೆ ಮಚ್ಛೆ, ಅಲ್ಲಿ 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಎಂಜಿನ್ನಿನ ಭಾಗಗಳನ್ನು ಎರಕ ಹೊಯ್ಯುವ, ಕೊರೆಯುವ, ಉಜ್ಜುವ ಜನ ಒಂದೇ ಕಡೆ ಇರೋ ಜಾಗ ಇದು. ಇಲ್ಲಿಯ ಮಿಸ್ತ್ರಿಗಳಿಗೆ ಅಳತೆ ಮಾಡದೆ ಮಾತಾಡೋ ಚಟ ಕಡಿಮೆ.

ನಮ್ಮಪ್ಪ ಇಲ್ಲಿನ ಒಂದು ಫೌಂಡ್ರಿಯಲ್ಲೇ ಕೆಲಸ ಮಾಡಿ ನಿವೃತ್ತನಾದವ. ಅವನ ಪರಿಚಯದ ಮಿಸ್ತ್ರಿ ಕಾಕಾ ಬಾನೆಟ್ ಎತ್ತುವ ಮೊದಲು ಹೇಳಿದ್ದು ಒಂದೇ ಮಾತು: "ನೀರು ಮಾಯ ಆಗೂದಿಲ್ಲವಾ ತಂಗಿ. ಒಂದೋ ಹೊರಗ ಹೋಗ್ತೈತಿ, ಇಲ್ಲಾ ಎಂಜಿನ್ ಒಳಗ ಹೋಗ್ತೈತಿ. ಯಾವ ಕಡೆ ಅಂತ ಗೊತ್ತಾಗೂ ತನಕ ಪಾನಾ ಹಚ್ಚಬಾರದು."

ಕುಕ್ಕರ್ ಗೊತ್ತಿದ್ದರೆ ರೇಡಿಯೇಟರ್ ಗೊತ್ತು

ಪೆಟ್ರೋಲ್ ಸುಟ್ಟಾಗ ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಎಂಜಿನ್ನಿನ ಗೋಡೆಗಳ ಮೂಲಕ ಕೂಲಂಟಿಗೆ ಸೇರುತ್ತದೆ. ಅದನ್ನು ಹೊರಹಾಕದಿದ್ದರೆ ಲೋಹ ತಡೆಯೋದಿಲ್ಲ. ಪಂಪು ನೀರನ್ನು ಎಂಜಿನ್ ಸುತ್ತ ತಿರುಗಿಸುತ್ತದೆ, ಥರ್ಮೋಸ್ಟಾಟ್ ಎಂಬ ಬಾಗಿಲು ತೆರೆದಾಗ ಅದು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಗಾಳಿಗೆ ತಣ್ಣಗಾಗಿ ವಾಪಸ್ ಬರುತ್ತದೆ. ಇಷ್ಟೇ ವ್ಯವಸ್ಥೆ.

ಮೊದಲ ಕಾರುಗಳಲ್ಲಿ ಇಷ್ಟೂ ಇರಲಿಲ್ಲ. 1888ರಲ್ಲಿ ಬೆರ್ಟಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರ್ ಮೀರಿದ ಪ್ರಯಾಣ ಮಾಡಿದಳು. ಆ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ದಾರಿಯುದ್ದಕ್ಕೂ ತುಂಬಿಸುತ್ತಲೇ ಇರಬೇಕಿತ್ತು. ಅದೇ ನೀರನ್ನು ಮತ್ತೆ ಮತ್ತೆ ಬಳಸುವ ಜೇನುಗೂಡಿನಂಥ ರೇಡಿಯೇಟರು 1901ರ ಮರ್ಸಿಡಿಸ್‌ನಲ್ಲಿ ಬಂತು. ಅಂದರೆ ಸರಿಯಾಗಿರುವ ಇಂದಿನ ಕಾರಿಗೆ ಪದೇ ಪದೇ ನೀರು ಬೇಕಾಗಬಾರದು. ಬೇಕಾಗ್ತಿದೆ ಅಂದರೆ ರೋಗ ಇದೆ ಅಂತಲೇ ಅರ್ಥ.

ಇನ್ನು ರೇಡಿಯೇಟರ್ ಮೇಲಿನ ಮುಚ್ಚಳ. ಹೆಚ್ಚಿನವರು ಇದನ್ನು ಬರೀ ಮುಚ್ಚಳ ಅಂದುಕೊಳ್ತಾರೆ. ಅದು ಕುಕ್ಕರಿನ ವೇಟ್ ಇದ್ದ ಹಾಗೆ. ಬೆಳಗಾವಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟರೆ ಕುದಿಯುವ ಬಿಂದು ಇಪ್ಪತ್ತು ಡಿಗ್ರಿಯಷ್ಟು ಮೇಲೆ ಹೋಗುತ್ತದೆ. ಅರ್ಧ ಕೂಲಂಟ್, ಅರ್ಧ ನೀರಿನ ಮಿಶ್ರಣವಾದರೆ ಇನ್ನೂ ಏಳೆಂಟು ಡಿಗ್ರಿ ಹೆಚ್ಚು. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಬರೆದಿರುವುದು ಅದು ತಡೆಯುವ ಒತ್ತಡ. ಸ್ಪ್ರಿಂಗ್ ಸಡಿಲಾದ, ರಬ್ಬರ್ ಒಡೆದ ಮುಚ್ಚಳ ಅಂದರೆ ಗ್ಯಾಸ್ಕೆಟ್ ಹೋದ ಕುಕ್ಕರ್. ಸೀಟಿ ಬರೋದಿಲ್ಲ, ನೀರು ಮಾತ್ರ ಉಕ್ಕುತ್ತದೆ.

ಮೊದಲ ಪ್ರಶ್ನೆ: ಯಾವಾಗ ಬಿಸಿ?

ಡಾಕ್ಟರು "ಜ್ವರ ಯಾವಾಗ ಬರ್ತದೆ, ರಾತ್ರಿನಾ ಹಗಲಾ" ಅಂತ ಕೇಳೋ ಹಾಗೆ ಕಾಕಾ ಕೇಳಿದ ಮೊದಲ ಪ್ರಶ್ನೆ ಇದು. ಕಾರಿನ ಯಾವ ಭಾಗವನ್ನೂ ಮುಟ್ಟದೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ, ಹೈವೇಗೆ ಬಿದ್ದರೆ ಸರಿ: ಅನುಮಾನ ಫ್ಯಾನಿನ ಮೇಲೆ. ಓಡುವಾಗ ಗಾಳಿ ತಾನೇ ಬರುತ್ತದೆ, ನಿಂತಾಗ ಫ್ಯಾನೇ ಗತಿ. ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್, ಮೋಟರ್, ಈ ಕ್ರಮದಲ್ಲಿ ನೋಡಬೇಕು. ಬಹಳಷ್ಟು ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ ಫ್ಯಾನ್ ತಿರುಗುತ್ತದೆ. ಎಸಿಗೆ ತಿರುಗಿ, ಎಂಜಿನ್ ಬಿಸಿಯಾದಾಗ ತಿರುಗದಿದ್ದರೆ ಮೋಟರ್ ಚೆನ್ನಾಗಿದೆ ಎಂದಾಯ್ತು, ಅದಕ್ಕೆ ಆಜ್ಞೆ ಕೊಡುವ ಸ್ವಿಚ್ಚು ಅಥವಾ ವೈರಿಂಗ್ ನೋಡಬೇಕು.

ಊರೊಳಗೆ ಸರಿ, ವೇಗ ಅಥವಾ ಏರಿನಲ್ಲಿ ಬಿಸಿ: ನೀರು ಸಾಕಷ್ಟಿಲ್ಲ, ಅಥವಾ ಸಾಕಷ್ಟು ತಿರುಗುತ್ತಿಲ್ಲ, ಅಥವಾ ಮುಚ್ಚಳ ಒತ್ತಡ ಹಿಡಿಯುತ್ತಿಲ್ಲ. ರೇಡಿಯೇಟರ್ ಒಳಗೆ ಕೆಸರು ಕಟ್ಟಿರಬಹುದು, ಹೊರಗಿನ ಜಾಲರಿಯಲ್ಲಿ ಕೆಂಪು ಮಣ್ಣು, ಹುಳು ತುಂಬಿರಬಹುದು. ನಮ್ಮ ಕಾರು ಈ ಗುಂಪಿನದು.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಬಿಸಿ: ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ನೀರು ಪೂರ್ತಿ ಇಳಿದಿರಬಹುದು.

ಎಷ್ಟು ಓಡಿಸಿದರೂ ಮುಳ್ಳು ಕೆಳಗೇ: ಥರ್ಮೋಸ್ಟಾಟ್ ತೆರೆದುಕೊಂಡೇ ಇದೆ, ಅಥವಾ ಯಾರೋ ತೆಗೆದುಬಿಟ್ಟಿದ್ದಾರೆ. ಇದೂ ರೋಗವೇ.

ಮುಳ್ಳಿನ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರೆಲ್ಲ ಹೋಗಿ ಸೆನ್ಸರ್ ಆವಿಯಲ್ಲೋ ಗಾಳಿಯಲ್ಲೋ ಉಳಿದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಮೇಲೇರಿದ್ದ ಮುಳ್ಳು ಏಕಾಏಕಿ ಇಳಿಯಿತು ಅಂದರೆ ಖುಷಿಪಡಬೇಡಿ, ಕಾರು ನಿಲ್ಲಿಸಿ. ಈಗಿನ ಹಲವು ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ಬರೀ ಕೆಂಪು ದೀಪ. ಅದು ಹತ್ತಿದಾಗ ಕಾಯುವ ಹೊತ್ತು ಮುಗಿದಿರುತ್ತದೆ.

ನೆಲ ಒಣ, ಡಬ್ಬಿ ಖಾಲಿ

ಸೋರಿಕೆ ಹುಡುಕಲು ಮೊದಲ ಸಾಧನ ಒಂದು ರಟ್ಟಿನ ತುಂಡು. ಹೊಸ ಫ್ರಿಜ್ಜಿನದೋ ಟಿವಿಯದೋ ಬಾಕ್ಸ್ ಬಿಚ್ಚಿ ರಾತ್ರಿ ಕಾರಿನ ಮುಂಭಾಗದ ಕೆಳಗೆ ಹಾಸಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ ನೋಡಿ. ಹಸಿರು, ನೀಲಿ, ಗುಲಾಬಿ ಛಾಯೆ ಇದ್ದು ಬೆರಳಿಗೆ ಜಿಡ್ಡುಜಿಡ್ಡಾಗಿ ಹತ್ತಿದರೆ ಕೂಲಂಟ್. ಕಪ್ಪು ಅಥವಾ ಕಂದು ಬಣ್ಣವಾದರೆ ಆಯಿಲ್. ಬಣ್ಣ, ವಾಸನೆ ಎರಡೂ ಇಲ್ಲದ ತಿಳಿನೀರು ಎಸಿಯದು. ಬೇಸಿಗೆಯಲ್ಲಿ ಎಸಿ ಹಾಕಿ ಬಂದು ನಿಲ್ಲಿಸಿದ ಕಾರಿನ ಕೆಳಗೆ ಅದು ಬಿದ್ದೇ ಬೀಳುತ್ತದೆ, ಅದಕ್ಕೆ ಗಾಬರಿ ಬೇಡ.

ಆಮೇಲೆ ಕಾರು ಪೂರ್ತಿ ತಣ್ಣಗಿದ್ದಾಗ ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಮೇಲಿನ ದಪ್ಪ ಪೈಪು, ಕೆಳಗಿನ ದಪ್ಪ ಪೈಪು, ಅವುಗಳ ಕ್ಲಿಪ್ಪು. ಕೈಯಿಂದ ಒತ್ತಿದಾಗ ರಬ್ಬರ್ ಹಪ್ಪಳದ ಹಾಗೆ ಕರಕರ ಅಂದರೂ ಕೆಟ್ಟದು, ಹೊಟ್ಟೆ ಉಬ್ಬಿ ಮೆತ್ತಗಾಗಿದ್ದರೂ ಕೆಟ್ಟದು. ರೇಡಿಯೇಟರಿನ ಅಲ್ಯುಮಿನಿಯಂ ಜಾಲರಿಗೆ ಪ್ಲಾಸ್ಟಿಕ್ ತೊಟ್ಟಿ ಸೇರುವ ಅಂಚು ಹಳೆ ಕಾರುಗಳಲ್ಲಿ ಬಿರುಕು ಬಿಡುವ ಜಾಗ. ಎಲ್ಲೇ ಬಿಳಿ ಅಥವಾ ಹಸಿರು ಉಪ್ಪುಗಟ್ಟಿದಂಥ ಕಲೆ ಕಂಡರೆ ಅಲ್ಲಿ ಹನಿ ಬಂದು ಒಣಗಿದೆ ಅಂತ ಅರ್ಥ.

ಡಬ್ಬಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ನಮ್ಮಂಥ ಹಳೆ ಕಾರುಗಳಲ್ಲಿ ಮುಚ್ಚಳ ರೇಡಿಯೇಟರ್ ಮೇಲಿರುತ್ತದೆ, ಡಬ್ಬಿ ಪಕ್ಕದಲ್ಲಿ. ಬಿಸಿಯಾದಾಗ ಹೆಚ್ಚಾದ ನೀರು ಡಬ್ಬಿಗೆ ಹೋಗಿ, ತಣ್ಣಗಾದಾಗ ವಾಪಸ್ ಎಳೆದುಕೊಳ್ಳಬೇಕು. ಹಾಗೆ ಎಳೆದುಕೊಳ್ಳಲು ಮುಚ್ಚಳದ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇದೆ. ಅದು ಅಂಟಿಕೊಂಡರೆ ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಅರ್ಧ ಖಾಲಿ ಇರುತ್ತದೆ. ಬೆಳಿಗ್ಗೆ ಮೇಲಿನ ಪೈಪು ಯಾರೋ ಹಿಂಡಿದ ಹಾಗೆ ಚಪ್ಪಟೆಯಾಗಿ ಕಂಡರೆ ಇದೇ ಕಾರಣ ಇರಬಹುದು.

ಹೊರಗೆ ಬಂದ ಸತ್ಯ

ನಮ್ಮ ಕಾರಿನಲ್ಲಿ ಇಷ್ಟು ನೋಡಿದರೂ ಹನಿ ಸಿಗಲಿಲ್ಲ. ಆಗ ಕಾಕಾ ತೆಗೆದದ್ದು ಸೈಕಲ್ ಪಂಪಿನಂಥ ಒಂದು ಸಾಧನ, ಅದರ ಮೇಲೊಂದು ಗೇಜ್. ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಅದನ್ನು ಕೂರಿಸಿ, ಎಂಜಿನ್ ತಣ್ಣಗಿರುವಾಗಲೇ ಕೈಯಿಂದ ಪಂಪು ಹೊಡೆದು, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಏರಿಸಬೇಕು. ಹದಿನೈದು ನಿಮಿಷ ಗೇಜ್ ಕದಲದಿದ್ದರೆ ವ್ಯವಸ್ಥೆ ಗಟ್ಟಿ. ಇಳಿದರೆ ಎಲ್ಲೋ ದಾರಿ ಇದೆ. ಬಿಸಿಯಾದಾಗ ಮಾತ್ರ ಸೋರುವ ಜಾಗವನ್ನು ತಣ್ಣಗಿರುವಾಗಲೇ ಹಿಡಿಯುವ ಉಪಾಯ ಇದು.

ಗೇಜ್ ನಿಧಾನಕ್ಕೆ ಇಳಿಯಿತು. ಕಾಕಾ ಅವಸರ ಮಾಡಲಿಲ್ಲ. ಚಹಾ ತರಿಸಿದರು. ಹತ್ತು ನಿಮಿಷದ ಮೇಲೆ ಸಣ್ಣ ಕನ್ನಡಿಯನ್ನು ಎಂಜಿನ್ ಸಂದಿಯಲ್ಲಿ ಹಿಡಿದು ಕರೆದರು: "ಇಲ್ಲಿ ನೋಡವಾ." ವಾಟರ್ ಪಂಪಿನ ಕೆಳಭಾಗದಲ್ಲಿ ಬೇಕಂತಲೇ ಬಿಟ್ಟಿರುವ ಒಂದು ಸಣ್ಣ ತೂತು ಇದೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗ್ ಕಡೆ ಹೋಗದೆ ಅಲ್ಲಿಂದ ಹೊರಬರಲಿ ಅಂತ. ಆ ತೂತಿನ ಬಾಯಲ್ಲಿ ಒಂದು ಹನಿ ಮಿನುಗುತ್ತಿತ್ತು, ಸುತ್ತ ಹಸಿರು ಉಪ್ಪು. ಕಾರು ಓಡುವಾಗ ಹೊರಬಂದ ಹನಿ ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತು. ನಿಂತ ಮೇಲೆ, ಒತ್ತಡ ಇಳಿದ ಮೇಲೆ, ಸೋರಿಕೆಯೂ ನಿಲ್ಲುತ್ತಿತ್ತು. ಅದಕ್ಕೇ ನೆಲ ಒಣ.

ಅದೇ ಪಂಪಿಗೆ ಒಂದು ಜೋಡಣೆ ಸಿಕ್ಕಿಸಿ ಮುಚ್ಚಳವನ್ನೂ ಪರೀಕ್ಷಿಸಿದರು. 0.9 ಹಿಡಿಯಬೇಕಾದ ಮುಚ್ಚಳ ಅರ್ಧಕ್ಕೇ ಬಾಯಿ ಬಿಟ್ಟಿತು. ಎರಡು ಸಣ್ಣ ರೋಗ ಕೂಡಿ ಒಂದು ದೊಡ್ಡ ರೋಗದ ವೇಷ ಹಾಕಿದ್ದವು.

ಹೆಡ್ ಗ್ಯಾಸ್ಕೆಟ್: ಹೆದರುವ ಮುನ್ನ

ಹಾಗಾದರೆ ಹೆಡ್ ಗ್ಯಾಸ್ಕೆಟ್ ಸರಿ ಇದೆಯಾ? ಪಂಪು ಸಿಕ್ಕಿತು ಅಂತ ಕಾಕಾ ಅಲ್ಲಿಗೆ ಬಿಡಲಿಲ್ಲ. "ಒಂದು ಕಳ್ಳ ಸಿಕ್ಕಾ ಅಂದ್ರ ಇನ್ನೊಬ್ಬ ಇಲ್ಲಂತ ಅಲ್ಲ" ಅಂದರು.

ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ತೆಳು ಪದರ ಹೆಡ್ ಗ್ಯಾಸ್ಕೆಟ್. ಬೆಂಕಿ, ಆಯಿಲ್, ನೀರು ಮೂರನ್ನೂ ಒಂದಕ್ಕೊಂದು ಮುಟ್ಟದಂತೆ ಬೇರೆ ಇಡುವುದು ಅದರ ಕೆಲಸ. ಅದು ಹೋದಾಗ ಕಾಣುವ ಲಕ್ಷಣಗಳು ಇವು: ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ನಿಲ್ಲದ ಗುಳ್ಳೆ. ನೀರು ಇನ್ನೂ ಬಿಸಿಯಾಗುವ ಮೊದಲೇ ಮೇಲಿನ ಪೈಪು ಕಲ್ಲಿನಂತೆ ಗಟ್ಟಿ. ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ. ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣದ ಆಯಿಲ್.

ಈ ಕೊನೆಯ ಲಕ್ಷಣ ನಮ್ಮ ಕಡೆ ಮೋಸ ಮಾಡಬಹುದು. ಖಾನಾಪುರ, ಜಾಂಬೋಟಿ ಕಡೆಯ ಮಳೆಗಾಲದಲ್ಲಿ, ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಗೆ ಬರೀ ತೇವಾಂಶದಿಂದಲೂ ಬೆಣ್ಣೆಯಂಥ ಪದರ ಕಟ್ಟುತ್ತದೆ. ಮುಚ್ಚಳದಲ್ಲಿ ಮಾತ್ರ ಇದ್ದು ಡಿಪ್‌ಸ್ಟಿಕ್ ಶುದ್ಧ ಇದ್ದರೆ, ಒಮ್ಮೆ ದೂರ ಓಡಿಸಿ ಬಂದು ಮತ್ತೆ ನೋಡಿ. ಬೆಣ್ಣೆ ಕಂಡ ಕೂಡಲೇ ಹೆಡ್ ಇಳಿಸಲು ಒಪ್ಪಬೇಡಿ.

ಅನುಮಾನ ಉಳಿದರೆ ಒಂದು ಸುಲಭ ಪರೀಕ್ಷೆ ಇದೆ. ನೀಲಿ ದ್ರವ ತುಂಬಿದ ಗಾಜಿನ ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಇಟ್ಟು, ಎಂಜಿನ್ ಓಡುವಾಗ ಅಲ್ಲಿಯ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಸುಟ್ಟ ಹೊಗೆಯ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಬೆರೆತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ನಮ್ಮದು ನೀಲಿಯಾಗೇ ಉಳಿಯಿತು. ಇಪ್ಪತ್ತು ಸಾವಿರದ ಕೆಲಸ ಬೇಡ ಅಂತ ಹೇಳಿದ್ದು ಆ ಬಣ್ಣ.

ಒಂದು ವೇಳೆ ಹಳದಿಯಾಗಿದ್ದರೆ? ಆಗಲೂ ಗ್ಯಾಸ್ಕೆಟ್ ಬದಲಿಸಿದರೆ ಮುಗಿಯೋದಿಲ್ಲ. ಹೆಡ್ ಅಲ್ಯುಮಿನಿಯಂನದು, ಅತಿಯಾಗಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಅದರ ಮೇಲೆ ನೇರ ಉಕ್ಕಿನ ಪಟ್ಟಿ ಇಟ್ಟು ಸಂದಿಯಲ್ಲಿ ಫಿಲ್ಲರ್ ಗೇಜ್ ತೂರಿಸಿ ನೋಡಬೇಕು. ಹಲವು ಸಣ್ಣ ಎಂಜಿನ್ನುಗಳಲ್ಲಿ ಮಿತಿ 0.05 ಮಿಲಿಮೀಟರ್ ಆಸುಪಾಸು, ಅಂದರೆ ನಾವು ಪ್ರಿಂಟ್ ತೆಗೆಯುವ ಎ4 ಹಾಳೆಯ ಅರ್ಧ ದಪ್ಪ. ಮೀರಿದ್ದರೆ ಮಶೀನ್ ಶಾಪಿನಲ್ಲಿ ಮುಖ ಉಜ್ಜಿಸಬೇಕು. ಅಳೆಯದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದು ಮತ್ತೆ ಹೋಗುವ ಸಾಧ್ಯತೆ ಜಾಸ್ತಿ. ಬಿಲ್ ಕೊಡುವ ಮೊದಲು "ಹೆಡ್ ಲೆವೆಲ್ ಚೆಕ್ ಮಾಡಿದ್ರೇನ್ರಿ, ಎಷ್ಟು ಬಂತು?" ಅಂತ ಕೇಳಿ. ಅಂಕಿ ಹೇಳಿದರೆ ನಂಬಬಹುದು.

ಬ್ಲಾಕಿನ ಪಕ್ಕದಲ್ಲಿ ಇರುವ ಗುಂಡನೆಯ ತಗಡಿನ ಬಿಲ್ಲೆಗಳ ವಿಷಯ ನನಗೆ ಹೇಳಿದ್ದು ಅಪ್ಪ. ಎರಕ ಹೊಯ್ಯುವಾಗ ನೀರಿನ ದಾರಿ ಟೊಳ್ಳಾಗಿ ಉಳಿಯಲಿ ಅಂತ ಮರಳಿನ ಕೋರ್ ಇಡ್ತಾರೆ. ಲೋಹ ಗಟ್ಟಿಯಾದ ಮೇಲೆ ಆ ಮರಳನ್ನು ಹೊರಗೆ ತೆಗೆಯಲು ತೂತು ಬೇಕು. ಆ ತೂತುಗಳನ್ನು ಮುಚ್ಚುವುದೇ ಈ ಬಿಲ್ಲೆಗಳು. "ನಾವು ಬಿಟ್ಟ ತೂತು ಅವು" ಅಂತ ಅಪ್ಪ ನಕ್ಕ. ವರ್ಷಗಟ್ಟಲೆ ಬರೀ ನೀರು ಹಾಕಿ ಓಡಿಸಿದ ಕಾರುಗಳಲ್ಲಿ ಇವು ಒಳಗಿನಿಂದ ತುಕ್ಕು ತಿಂದು ಸೋರುತ್ತವೆ. ಹುಡುಕುವವರು ಅಲ್ಲಿಯೂ ಟಾರ್ಚ್ ಹಿಡಿಯಬೇಕು.

ಥರ್ಮೋಸ್ಟಾಟ್ ತೆಗೆದು ಒಗೀಬ್ಯಾಡ್ರಿ

"ನಮ್ಮ ದೇಶದ ಸೆಕೆಗೆ ಥರ್ಮೋಸ್ಟಾಟ್ ಯಾಕೆ?" ಈ ಮಾತು ನೀವೂ ಕೇಳಿರ್ತೀರಿ. ತೆಗೆದರೆ ಎಂಜಿನ್ ತಣ್ಣಗಿರುತ್ತದೆ ನಿಜ, ಆದರೆ ಬೇಕಾದ್ದಕ್ಕಿಂತ ತಣ್ಣಗೆ. ಸಾಮಾನ್ಯವಾಗಿ ಇದು ತೆರೆಯುವುದು 82ರಿಂದ 88 ಡಿಗ್ರಿಯ ನಡುವೆ. ಆ ಬಿಸಿಗೆ ಮುಟ್ಟದ ಎಂಜಿನ್ ಹೆಚ್ಚು ಸವೆಯುತ್ತದೆ. ಪೆಟ್ರೋಲ್ ಇಂಜೆಕ್ಷನ್ ಇರುವ ಕಾರಾದರೆ ಕಂಪ್ಯೂಟರು "ಇನ್ನೂ ಬಿಸಿಯಾಗಿಲ್ಲ" ಅಂದುಕೊಂಡು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಮೈಲೇಜ್ ಬಿದ್ದಿತು ಅಂತ ಬೇರೆ ಗ್ಯಾರೇಜ್ ಸುತ್ತುವುದು ಆಮೇಲೆ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಬಿಚ್ಚಿದ ಥರ್ಮೋಸ್ಟಾಟನ್ನು ಹಳೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೇಲಿಬಿಟ್ಟು ಗ್ಯಾಸ್ ಮೇಲಿಡಿ. ಅದರ ಮೇಲೆ ಬರೆದ ಡಿಗ್ರಿಯ ಹತ್ತಿರ ಬಾಗಿಲು ತೆರೆಯಬೇಕು, ತಣ್ಣಗಾದಾಗ ಮುಚ್ಚಬೇಕು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಬಿಚ್ಚದೆಯೂ ಸುಳಿವು ಸಿಗುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಮೇಲೆ ರೇಡಿಯೇಟರಿಗೆ ಹೋಗುವ ಪೈಪು ಕೆಲಹೊತ್ತು ತಣ್ಣಗೇ ಇದ್ದು, ಬಾಗಿಲು ತೆರೆದಾಗ ಒಮ್ಮೆಲೇ ಬಿಸಿಯಾಗಬೇಕು. ಮುಳ್ಳು ಮೇಲೆ, ಪೈಪು ತಣ್ಣಗೆ ಅಂದರೆ ನೀರು ಅಲ್ಲಿಗೆ ಹೋಗ್ತಿಲ್ಲ. ಹೀಗೆ ನೋಡುವಾಗ ದುಪಟ್ಟಾ, ಸೆರಗು, ಜಡೆ ಕಟ್ಟಿಕೊಳ್ಳಿ. ಎಲೆಕ್ಟ್ರಿಕ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ.

ಏನು ಹಾಕಬೇಕು?

ನಮ್ಮಲ್ಲಿ ಹಿಮ ಬೀಳೋದಿಲ್ಲ, ಕೂಲಂಟ್ ಯಾಕೆ ಅನ್ನುವವರಿದ್ದಾರೆ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ ಮಾತ್ರ. ಕುದಿಯುವ ಬಿಂದು ಏರಿಸುವುದು, ತುಕ್ಕು ತಡೆಯುವುದು ನಮಗೆ ಬೇಕಾದವು. ಬೋರಿನ ಗಡಸು ನೀರು ಕುದಿದರೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕಟ್ಟುತ್ತದೆ. ದಟ್ಟ ಕೂಲಂಟ್ ತಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ಬೆರೆಸಿಯೇ ಬರುವ ಬಾಟಲಿಯಾದರೆ ನೇರ ಹಾಕಿ.

ಬಣ್ಣ ನೋಡಿ ಹೊಂದಿಸಬೇಡಿ. ಹಸಿರು, ಗುಲಾಬಿ, ನೀಲಿ ಎಲ್ಲ ಕಂಪನಿ ಹಾಕುವ ಬಣ್ಣ, ಗುಣದ ಗುರುತಲ್ಲ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆತರೆ ತುಕ್ಕು ತಡೆಯುವ ಗುಣ ಕಡಿಮೆಯಾಗಬಹುದು, ಕೆಸರೂ ಕಟ್ಟಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆ, ಬಾಟಲಿಯ ಮೇಲೆ ಬರೆದ ಅವಧಿ, ಇವೆರಡೇ ನೋಡಬೇಕಾದ್ದು. ಒಳಗೆ ಏನಿದೆ ಗೊತ್ತೇ ಇಲ್ಲದಿದ್ದರೆ ಪೂರ್ತಿ ಇಳಿಸಿ, ತೊಳೆದು, ಹೊಸದು ತುಂಬಿಸಿ. ತುಂಬಿಸುವಾಗ ನಿಧಾನ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುವ ತನಕ ಕಾಯದಿದ್ದರೆ, ರಿಪೇರಿ ಆದ ಮರುದಿನವೇ ಮುಳ್ಳು ಏರುತ್ತದೆ.

ಮನೆಯವರಿಗೆಲ್ಲ ಹೇಳಲೇಬೇಕಾದ ಮಾತು: ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ಮಕ್ಕಳು, ನಾಯಿ, ಬೆಕ್ಕು ನೆಕ್ಕುವ ಜಾಗದಲ್ಲಿ ಚೆಲ್ಲಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

ಘಾಟಿನಲ್ಲಿ ಮುಳ್ಳು ಏರಿದರೆ

ಇದನ್ನು ಸ್ಕ್ರೀನ್‌ಶಾಟ್ ತೆಗೆದು ಅಪ್ಪ-ಅಮ್ಮನ ಫೋನಿಗೂ ಕಳಿಸಿ.

1. ಎಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ, ಪೂರ್ತಿ ಜೋರಿಗೆ ಇಡಿ. ಸೆಕೆಯಾದರೂ ಸರಿ, ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬರುತ್ತದೆ.

2. ತಿರುವಿನಲ್ಲಿ ಬೇಡ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಆವಿ ಬರುತ್ತಿದ್ದರೆ ಅಥವಾ ಮುಳ್ಳು ಕೆಂಪಿಗೆ ಮುಟ್ಟಿದ್ದರೆ ಎಂಜಿನ್ ಬಂದ್ ಮಾಡಿ. "ಇನ್ನೊಂದು ಕಿಲೋಮೀಟರ್" ಅನ್ನೋದು ಹೆಡ್ ಸೊಟ್ಟಗಾಗುವ ಕಿಲೋಮೀಟರ್.

3. ಆವಿ ನಿಂತ ಮೇಲೆ ಬಾನೆಟ್ ಎತ್ತಿ. ಮುಚ್ಚಳ ಮುಟ್ಟಬೇಡಿ. ಬಿಸಿಯಿರುವಾಗ ತೆರೆದರೆ ಒತ್ತಡ ಇಳಿದು ನೀರು ಕ್ಷಣದಲ್ಲಿ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ.

4. ಮೇಲಿನ ಪೈಪನ್ನು ಬಟ್ಟೆ ಸುತ್ತಿದ ಕೈಯಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಒಳಗೆ ಇನ್ನೂ ಒತ್ತಡ ಇದೆ. ಮೆತ್ತಗಾಗಿ, ಕೈ ಇಡುವಷ್ಟು ತಣ್ಣಗಾದ ಮೇಲೆ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಸ್ವಲ್ಪ ತಿರುಗಿಸಿ, ಸುಯ್ ಅನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ.

5. ನೀರು ಸ್ವಲ್ಪ ಸ್ವಲ್ಪವೇ ಹಾಕಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು.

6. ಹಾಕಿದ ನೀರು ನಿಲ್ಲದಿದ್ದರೆ ಓಡಿಸಬೇಡಿ. ಟೋವಿಂಗ್ ಖರ್ಚು ಎಂಜಿನ್ ಖರ್ಚಿಗಿಂತ ಯಾವಾಗಲೂ ಕಡಿಮೆ.

ಇಡೋದಾ, ಮಾರೋದಾ?

ನಮ್ಮ ಕಾರಿಗೆ ಹೊಸ ವಾಟರ್ ಪಂಪು, ಹೊಸ ಮುಚ್ಚಳ, ಎರಡು ಪೈಪು, ಹೊಸ ಕೂಲಂಟ್ ಬಿದ್ದವು. ರೇಡಿಯೇಟರ್ ಜಾಲರಿಯ ಕೆಂಪು ಮಣ್ಣನ್ನು ಎಂಜಿನ್ ಕಡೆಯಿಂದ ಹೊರಮುಖವಾಗಿ, ಜೋರಿಲ್ಲದ ನೀರಿನಲ್ಲಿ ತೊಳೆದರು. ಪ್ರೆಶರ್ ವಾಶರ್ ಹಿಡಿದರೆ ಆ ತೆಳು ರೆಕ್ಕೆಗಳು ಮಡಚಿಕೊಳ್ತವೆ. ಒಟ್ಟು ಖರ್ಚು ಮೊದಲು ಹೇಳಿದ್ದರ ಕಾಲುಭಾಗವೂ ಆಗಲಿಲ್ಲ.

ಹಳೆ ಕಾರು ಇಟ್ಟುಕೊಳ್ಳೋದು ಭಾವನೆಯ ಪ್ರಶ್ನೆ ಮಾತ್ರ ಅಲ್ಲ, ಲೆಕ್ಕದ ಪ್ರಶ್ನೆಯೂ ಹೌದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಫಿಟ್‌ನೆಸ್, ಇನ್ಶೂರೆನ್ಸ್ ಬೇರೆ. ಮಾರಬೇಕು ಅನ್ನಿಸಿದರೆ ಮಾರಿ, ತಪ್ಪೇನಿಲ್ಲ. ಆದರೆ ರೋಗ ಏನು ಅಂತ ಗೊತ್ತಾಗದೆ ಹೆದರಿ ಮಾರಬೇಡಿ. ಸಾವಿರದ ರೋಗವನ್ನು ಇಪ್ಪತ್ತು ಸಾವಿರದ್ದು ಅಂದುಕೊಂಡು ಮಾರಿದ ಕಾರು, ಮರುವಾರ ಬೇರೆಯವರ ಮನೆ ಮುಂದೆ ಆರಾಮಾಗಿ ಓಡಾಡ್ತಿರ್ತದೆ.

ಗ್ಯಾರೇಜಿಗೆ ಹೋಗುವ ಮೊದಲು ಇಷ್ಟು ಮಾಡಿ. ಬೆಳಿಗ್ಗೆ ಕಾರು ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ವಾರ ಬಿಟ್ಟು ಇನ್ನೊಂದು ಗೆರೆ. ಜೊತೆಗೆ ಫೋನಿನ ನೋಟ್ಸ್‌ನಲ್ಲಿ ಎಷ್ಟು ಕಿಲೋಮೀಟರ್ ಓಡಿತು, ಯಾವಾಗ ಬಿಸಿಯಾಯ್ತು ಅಂತ ಎರಡು ಸಾಲು. ಒಳ್ಳೆ ಮಿಸ್ತ್ರಿಯ ಕೈಗೆ ಇಷ್ಟು ಕೊಟ್ಟರೆ ಅರ್ಧ ಕೆಲಸ ಆಗಿಹೋಯ್ತು. ನಮ್ಮ ಡಬ್ಬಿಯ ಮೇಲೆ ಏಳು ತಿಂಗಳಿನಿಂದ ಒಂದೇ ಗೆರೆ ಇದೆ.